ಹೆಂಚಿನ ಅಟ್ಟದ ಕೋಣೆಗೆ ಯಾವ ಶಾಖನಿರೋಧಕ?

ಪ್ರಶ್ನೆ: ಸಾಗರದ ಸಮೀಪ ನಮ್ಮದು ಮಂಗಳೂರು ಹೆಂಚಿನ ಹಳೆಯ ಮನೆ. ಅಡಿಕೆ ತುಂಬುತ್ತಿದ್ದ ಅಟ್ಟವನ್ನು ಮಗಳ ಓದುವ ಕೋಣೆಯಾಗಿ ಮಾರ್ಪಡಿಸಬೇಕೆಂದಿದ್ದೇವೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಕೂರಲಾಗದಷ್ಟು ಸೆಕೆ. ಬಡಗಿಯವರು ಥರ್ಮಾಕೋಲ್ ಹಾಕಿಸಿ ಎನ್ನುತ್ತಾರೆ, ಅಂಗಡಿಯವರು ಹೊಳೆಯುವ ಫಾಯಿಲ್ ಒಂದೇ ಸಾಕು ಎನ್ನುತ್ತಾರೆ. ಯಾವುದನ್ನು ಆರಿಸಬೇಕು?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಇವೆರಡನ್ನೂ ಕೊಳ್ಳುವ ಮೊದಲು ಮಳೆಯ ಬಗ್ಗೆ ಯೋಚಿಸಬೇಕು. ಮಲೆನಾಡಿನಲ್ಲಿ ಗಾಳಿಮಳೆಯ ಎರಚಲು ಹೆಂಚಿನ ಸಂದಿಯಿಂದ ಒಳಗೆ ಬಂದೇ ಬರುತ್ತದೆ. ಇಷ್ಟು ಕಾಲ ಅದು ಗಾಳಿಗೆ ಆರಿ ಹೋಗುತ್ತಿತ್ತು. ಕೆಳಗೆ ಹಲಗೆ ಮುಚ್ಚಿದ ಮೇಲೆ ಪಕಾಸಿನಲ್ಲಿಯೇ (ಮಾಡಿನ ಇಳಿಜಾರಿನ ಗುಂಟ ಇಳಿಯುವ ಮರದ ತೊಲೆಯಲ್ಲಿ) ಉಳಿದು ಮರವನ್ನು ಕೊಳೆಸುತ್ತದೆ. ಆದ್ದರಿಂದ ಹೆಂಚು ಇಳಿಸಿ, ಪಕಾಸುಗಳ ಮೇಲೆ ನೀರನ್ನು ತಡೆದು ಆವಿಯನ್ನು ಹೊರಬಿಡುವ ಹಾಳೆಯನ್ನು ಹಾಸಿ, ಪ್ರತಿ ಪಕಾಸಿನ ಗುಂಟ ಒಂದು ಅಂಗುಲದ ಪಟ್ಟಿ ಹೊಡೆದು, ಅದರ ಮೇಲೆ ಹೆಂಚು ಹಿಡಿಯುವ ಅಡ್ಡಪಟ್ಟಿಗಳಾದ ರೀಪು ಕೂರಿಸಿದರೆ ಸೋರಿದ ನೀರು ರೀಪಿನ ಅಡಿಯಿಂದ ಸೂರಿಗೆ ಹರಿದು ಹೋಗುತ್ತದೆ. ಹಣ ಉಳಿಸಲೆಂದು ಟಾರ್ಪಾಲು ಹಾಸುವವರಿದ್ದಾರೆ. ಅದು ಆವಿಯನ್ನು ಹೊರಬಿಡದು, ಖಂಡಿತ ಬೇಡ.

ಇನ್ನು ಶಾಖದ ವಿಚಾರ. ಕಾದ ಹೆಂಚಿನಿಂದ ಕೆಳಗಿಳಿಯುವ ಶಾಖದಲ್ಲಿ ವಿಕಿರಣದ ಪಾಲೇ ದೊಡ್ಡದು, ಅದನ್ನು ತಡೆಯುವುದರಲ್ಲಿ ಫಾಯಿಲ್ ನಿಜಕ್ಕೂ ಸಮರ್ಥ. ಆದರೆ ಅದರ ಹೊಳೆಯುವ ಮುಖದ ಎದುರು ಕನಿಷ್ಠ 25 ಮಿ.ಮೀ. ಗಾಳಿಯ ಅಂತರ ಇರಲೇಬೇಕು. ಒಳಚಾವಣಿಯ ಹಲಗೆಗೆ ಹೊಳಪನ್ನು ಒತ್ತಿ ಅಂಟಿಸಿದ ಫಾಯಿಲ್ ಬರಿಯ ಅಲಂಕಾರ. ಹೊಳಪು ಕೆಳಮುಖವಾಗಿದ್ದರೆ ದೂಳು ಕೂರದು, ಗುಣವೂ ಬಹುಕಾಲ ಉಳಿಯುತ್ತದೆ.

ಥರ್ಮಾಕೋಲ್ ಅಗ್ಗ, ಹಗುರ, ಶಾಖವನ್ನೂ ಚೆನ್ನಾಗಿಯೇ ತಡೆಯುತ್ತದೆ. ಆದರೂ ಮರದ ಮಾಡಿಗೆ ನಾನು ಅದನ್ನು ಸೂಚಿಸಲಾರೆ. ಅದು ಬೆಂಕಿಗೆ ಬೇಗ ತುತ್ತಾಗುತ್ತದೆ, ಇಲಿ ಇರುವೆಗಳು ಅದನ್ನು ಕೊರೆಯುತ್ತವೆ, ಮೇಲಾಗಿ ಪಿ.ವಿ.ಸಿ. ಹೊದಿಕೆಯ ವಿದ್ಯುತ್ ತಂತಿ ಅದಕ್ಕೆ ತಾಗಿಕೊಂಡಿದ್ದರೆ ಹೊದಿಕೆಯ ಮೆದುತನ ಹೋಗಿ ಕಾಲಕ್ರಮದಲ್ಲಿ ಬಿರುಕು ಬಿಡುತ್ತದೆ. ಅದರ ಬದಲು ಒಂದು ಮುಖಕ್ಕೆ ಫಾಯಿಲ್ ಅಂಟಿಸಿದ, ಕಲ್ಲು ಕರಗಿಸಿ ಎಳೆದ ನಾರಿನಿಂದ ಮಾಡಿದ 50 ಮಿ.ಮೀ. ರಾಕ್‌ವುಲ್ ಹಲಗೆ ಕೊಳ್ಳಿ. ಅದು ಉರಿಯುವುದಿಲ್ಲ, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದನ್ನೂ ತಗ್ಗಿಸುತ್ತದೆ. ಪಕಾಸು ನಾಲ್ಕು ಅಂಗುಲ ಆಳವಿದ್ದರೆ, ಹಲಗೆಯನ್ನು ಪಕಾಸುಗಳ ನಡುವೆ, ಫಾಯಿಲ್ ಕೆಳಗಿರುವಂತೆ, ಮೇಲಕ್ಕೆ ಸೇರಿಸಿ ಬಿಗಿಯಾಗಿ ಕೂರಿಸಿದಾಗ ಕೆಳಗೆ ಉಳಿಯುವ ಜಾಗವೇ ಫಾಯಿಲ್‌ಗೆ ಬೇಕಾದ ಅಂತರವಾಗುತ್ತದೆ. ಒದ್ದೆಯಾದ ರಾಕ್‌ವುಲ್ ಕೆಲಸಕ್ಕೆ ಬಾರದು. ಮೇಲಿನ ಹಾಳೆಗೆ ಅಷ್ಟು ಒತ್ತು ಕೊಟ್ಟದ್ದು ಅದಕ್ಕಾಗಿಯೇ. ಕೂರಿಸುವಾಗ ಕೈಗವಸು, ಮುಖಗವಸು ಧರಿಸಬೇಕು.

ಗಾಜಿನ ಹೆಂಚುಗಳಿದ್ದರೆ ಉತ್ತರದ ಇಳಿಜಾರಿನಲ್ಲಿ ಒಂದನ್ನು ಉಳಿಸಿಕೊಂಡರೆ ಸಾಕು. ಎರಡೂ ತ್ರಿಕೋನ ಗೋಡೆಗಳಲ್ಲಿ ಕಿಟಕಿ ಇರಲಿ, ಇಲ್ಲವಾದರೆ ಹಗಲು ಒಳಸೇರಿದ ಶಾಖ ರಾತ್ರಿ ಹೊರಹೋಗದು.

ಹೆಂಚು ಇಳಿಸುವ ಕೆಲಸವನ್ನು ಮಾರ್ಚ್ ಒಳಗೆ ಮುಗಿಸಿ, ಒಳಚಾವಣಿಯ ಹಲಗೆಯನ್ನು ಒಂದೆರಡು ಜೋರು ಮಳೆ ನೋಡಿದ ಮೇಲೆ ಹಾಕಿಸಿ. ಅದಕ್ಕೆ ಮೊಳೆ ಬೇಡ, ತಿರುಪು ಇರಲಿ. ಮಂಗಗಳು ಹೆಂಚು ಒಡೆದಾಗ ಬಿಚ್ಚಿ ನೋಡಲು ಬರುತ್ತದೆ.