ನೀರಿಗೂ ಹೆಪ್ಪು ಬೇಕು

ಪ್ರಶ್ನೆ: ಮಗಳು ಏಳನೇ ಕ್ಲಾಸು. ಪರೀಕ್ಷೆ ಮುಗಿದ ಮೇಲೆ ಅಕ್ವೇರಿಯಂ ಕೊಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ನೋಡಿ ಬಂದಿದ್ದೇವೆ. 2 ಗೋಲ್ಡ್ ಫಿಶ್, 2 ಏಂಜಲ್, 4 ಟೈಗರ್ ಬಾರ್ಬ್, 10 ನಿಯಾನ್ ಟೆಟ್ರಾ, ಗಲೀಜು ತಿನ್ನೋಕೆ ಒಂದು ಸಕ್ಕರ್ ಫಿಶ್ ಕೊಡುತ್ತೇವೆ, ಸಂಜೆಯೊಳಗೆ ಎಲ್ಲ ರೆಡಿ ಅಂತಾರೆ ಅಂಗಡಿಯವರು. ಮಗಳ ಕಣ್ಣೆಲ್ಲ ನಿಯಾನ್ ಮೇಲೆ. ತರಬಹುದಾ?
– ಒಬ್ಬ ತಾಯಿ, ಚಿಕ್ಕಮಗಳೂರು

ಉತ್ತರ: ಟ್ಯಾಂಕ್ ಇವತ್ತೇ ತನ್ನಿ. ಮೀನು ಇನ್ನೊಂದು ತಿಂಗಳು ಬೇಡ.

ಮೊದಲು ಆ ಪಟ್ಟಿ ನೋಡೋಣ. ಗೋಲ್ಡ್ ಫಿಶ್ ತಣ್ಣನೆ ನೀರಿನದು. ಗಲೀಜು ಜಾಸ್ತಿ, ಬೆಳೆದರೆ ಅಂಗೈಗಿಂತ ದೊಡ್ಡದು. ಉಳಿದವಕ್ಕೆ ಬೆಚ್ಚನೆ ನೀರು ಬೇಕು. ಟೈಗರ್ ಬಾರ್ಬ್ ಸುಮ್ನೆ ಇರುವ ಜಾತಿಯಲ್ಲ, ಏಂಜಲ್‌ನ ಉದ್ದ ರೆಕ್ಕೆ ಕಂಡರೆ ಕಚ್ಚಿ ಕಚ್ಚಿ ಹರಿಯುತ್ತದೆ. ಏಂಜಲ್ ನೋಡೋಕೆ ಸಾಧು, ಆದರೆ ಬೆಳೆದ ಮೇಲೆ ಬಾಯಿಗೆ ಹಿಡಿಸುವಷ್ಟು ಸಣ್ಣ ಮೀನು ಅದಕ್ಕೆ ಊಟ. ಬೆಳಿಗ್ಗೆ ಎದ್ದು ಎಣಿಸಿದರೆ ಹತ್ತು ನಿಯಾನ್ ಎಂಟಾಗಿರುತ್ತವೆ. ಸಕ್ಕರ್ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ, ಆ ಕಥೆಯೇ ಬೇರೆ.

ಈಗ ಆ ಒಂದು ತಿಂಗಳ ವಿಷಯ. ಮೀನಿನ ಹಿಕ್ಕೆ, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸ್ವಲ್ಪ ಇದ್ದರೆ ತೊಂದರೆಯಿಲ್ಲ, ನೀರು ಬದಲಿಸಿದಾಗ ಹೋಗುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಬೇಕಾದಷ್ಟು ಇರುವುದಿಲ್ಲ. ನೀರು ಕನ್ನಡಿ ಥರ ಕಾಣುತ್ತದೆ, ಮೀನು ಮಾತ್ರ ನಾಲ್ಕನೇ ದಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ನನ್ನ ಮೊದಲ ಟ್ಯಾಂಕಿನಲ್ಲಿ ಆಗಿದ್ದೂ ಇದೇ. ರೋಗದ ಮೀನು ಕೊಟ್ಟರು ಅಂತ ಅಂಗಡಿಯವರಿಗೆ ಬೈದುಕೊಂಡು ಬಂದಿದ್ದೆ, ಪಾಪ.

ಹಾಗಾಗಿ ಜಲ್ಲಿ, ನೀರು, ಫಿಲ್ಟರ್, ಹೀಟರ್ ಎಲ್ಲ ಹಾಕಿ, ಮೀನಿಲ್ಲದೆ ಓಡಿಸಿ. ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕಿ. ಅದು ಕೊಳೆತೇ ಬ್ಯಾಕ್ಟೀರಿಯಾಗೆ ಊಟ ಆಗುವುದು. ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಬೇಗ ಆಗಬೇಕಾದರೆ ಹೆಪ್ಪು ಹಾಕಿ: ಚೆನ್ನಾಗಿ ನಡೆಯುತ್ತಿರುವ ಟ್ಯಾಂಕ್ ಇರುವ ಪರಿಚಯದವರಿಂದ ಬಳಸಿದ ಫಿಲ್ಟರ್ ಸ್ಪಂಜಿನ ಒಂದು ತುಂಡು ಕೇಳಿ. ಅದೇ ಟ್ಯಾಂಕಿನ ನೀರಲ್ಲಿ ಮುಳುಗಿಸಿಕೊಂಡೇ ತನ್ನಿ, ಒಣಗಿದರೆ ಕೆಟ್ಟಿತು. ನೋಡೋಕೆ ಕಂದು ಬಣ್ಣ, ಮುಟ್ಟಿದರೆ ಲೋಳೆ. ಅಸಹ್ಯ ಅಂತ ತೊಳೆದುಬಿಡಬೇಡಿ, ಆ ಲೋಳೆಯೇ ಹೆಪ್ಪು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಸ್ವಲ್ಪ ತೋರಿಸಿದರೆ ನೀರು ಪಕ್ವವಾಗಿದೆ ಅಂತ ಅರ್ಥ.

ನಿಮ್ಮ ಊರಲ್ಲಿ ಹೀಟರ್ ಬೇಕೇ ಬೇಕು. ನಿಯಾನ್‌ಗೆ 24, 25 ಡಿಗ್ರಿ ಹಿತ. ಡಿಸೆಂಬರ್ ರಾತ್ರಿಗಳು ಹೇಗಿರುತ್ತವೆ ಅಂತ ನಿಮಗೆ ನಾನು ಹೇಳಬೇಕಾ? ಟ್ಯಾಂಕಿನಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ, 75 ಅಥವಾ 100 ವ್ಯಾಟಿನ, ತಾನೇ ಆಫ್ ಆಗುವ ಹೀಟರ್ ತನ್ನಿ. ನೀರು, ಗಾಜು, ಜಲ್ಲಿ ಸೇರಿ 70 ಕೆಜಿ ದಾಟಬಹುದು, ಟಿವಿ ಸ್ಟ್ಯಾಂಡ್ ಮೇಲೆ ಇಡಬೇಡಿ. ಗಟ್ಟಿ ಮೇಜು, ಕೆಳಗೊಂದು ಥರ್ಮಾಕೋಲ್ ಶೀಟ್. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಆಂಟಿ ಕ್ಲೋರಿನ್ ಹನಿ ಹಾಕಿಯೇ ಬಳಸಿ.

ಮೀನು ಯಾವುದು? ಮಗಳ ಆಸೆಯೇ ಸರಿ. ನಿಯಾನ್ ಅಮೆಜಾನ್ ಕಡೆಯದು, ಅದಕ್ಕೆ ಮೆದು ನೀರು ಇಷ್ಟ, ಗುಂಪಿನಲ್ಲಿದ್ದರೇ ಧೈರ್ಯ. ಮೊದಲು 5 ಕೋರಿಡೊರಸ್ ಬಿಡಿ. ತಳದಲ್ಲಿ ಮೀಸೆ ಆಡಿಸಿಕೊಂಡು ತಿಂಡಿ ಹುಡುಕುವ ಪಾಪದ ಮೀನು. ಮೀಸೆ ಸವೆಯುತ್ತದೆ, ಅದಕ್ಕೆ ಚೂಪು ಜಲ್ಲಿ ಬೇಡ. ಎರಡು ವಾರ ಬಿಟ್ಟು 8 ನಿಯಾನ್. ಅಷ್ಟೇ, ಟ್ಯಾಂಕ್ ಭರ್ತಿ. ಮನೆಗೆ ತಂದ ಕವರನ್ನು ಲೈಟ್ ಆರಿಸಿ ಕಾಲು ಗಂಟೆ ನೀರಿನ ಮೇಲೆ ತೇಲಿಬಿಡಿ, ಆಮೇಲೆ ಐದೈದು ನಿಮಿಷಕ್ಕೆ ಅರ್ಧ ಲೋಟ ಟ್ಯಾಂಕ್ ನೀರು ಕವರಿಗೆ ಹಾಕಿ. ಕೊನೆಗೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ, ಕವರಿನ ನೀರು ಬಚ್ಚಲಿಗೆ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಬ್ಯಾಟರಿ ಏರ್ ಪಂಪ್ ಹಾಕಿ. ಅದಿಲ್ಲವಾ, ಗಂಟೆಗೊಮ್ಮೆ ಚೊಂಬಿನಲ್ಲಿ ಟ್ಯಾಂಕಿನ ನೀರನ್ನೇ ಮೊಗೆದು ಒಂದಡಿ ಮೇಲಿಂದ ಸುರಿಯಿರಿ. ಸುತ್ತ ಕಂಬಳಿ ಹೊದಿಸಿ, ಕರೆಂಟ್ ಬರುವ ತನಕ ತಿಂಡಿ ಬೇಡ.

ಪ್ರಶ್ನೆ: ಆರು ತಿಂಗಳಿಂದ ನಿಯಾನ್ ಸಾಕುತ್ತಿದ್ದೇನೆ. ಹಬ್ಬಕ್ಕೆ ಅಂತ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಫಿಲ್ಟರ್ ಸಮೇತ ನಲ್ಲಿ ಕೆಳಗೆ ಉಜ್ಜಿ ತೊಳೆದು ಮನೆಯ ಬೋರ್‌ವೆಲ್ ನೀರು ತುಂಬಿದೆ. ಮೂರು ದಿನದಲ್ಲಿ ಎಲ್ಲ ಸತ್ತವು. ಇಷ್ಟು ಕ್ಲೀನ್ ಮಾಡಿದರೂ ಹೀಗೇಕೆ?
– ಹಾಸನದಿಂದ ಒಬ್ಬ ಓದುಗ

ಉತ್ತರ: ಕ್ಲೀನ್ ಮಾಡಿದ್ದಕ್ಕೇ ಹೀಗಾಯಿತು. ಆರು ತಿಂಗಳ ಹೆಪ್ಪು ಅವತ್ತು ಮೋರಿಗೆ ಹೋಯಿತು. ವಾರಕ್ಕೆ ಕಾಲು ಭಾಗ ನೀರು ಮಾತ್ರ ಬದಲಿಸಿ. ತೆಗೆದ ಆ ನೀರಿನಲ್ಲೇ ಸ್ಪಂಜನ್ನು ಎರಡು ಸಲ ಹಿಂಡಿ, ವಾಪಸ್ ಇಡಿ.

ಇನ್ನೊಂದು ಮಾತು. ನಿಮ್ಮ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದಾ? ಕಟ್ಟಿದರೆ ಅದು ಗಡಸು ನೀರು, ನಿಯಾನ್ ಆಸೆ ಬಿಡಿ. ಗಪ್ಪಿ, ಪ್ಲಾಟಿ, ಮೊಲಿ ಅಂಥ ನೀರಿಗೆ ಹೇಳಿ ಮಾಡಿಸಿದವು. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗೆ ಬಿಡುವುದೂ ಇದೇ ಗಪ್ಪಿಯನ್ನು. ಗಂಡು ಗಪ್ಪಿ ಮಾತ್ರ ತನ್ನಿ. ಹೆಣ್ಣೂ ಸೇರಿದರೆ ಮೂರೇ ತಿಂಗಳಲ್ಲಿ ಮರಿ ಹಂಚೋಕೆ ನೆಂಟರ ಮನೆ ಹುಡುಕಬೇಕಾಗುತ್ತದೆ. ಟ್ಯಾಂಕ್ ಇರುವ ರೂಮಿನಲ್ಲಿ ಸೊಳ್ಳೆ ಸ್ಪ್ರೇ ಹೊಡೆಯಬೇಡಿ. ಏರ್ ಪಂಪ್ ಆ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಬೆರಳುದ್ದ ಇದ್ದ ಸಕ್ಕರ್ ಫಿಶ್ ಈಗ ಒಂದಡಿ ಹತ್ತಿರ ಬಂದಿದೆ. ತಿರುಗೋಕೂ ಜಾಗವಿಲ್ಲ. ಯಗಚಿ ಹಿನ್ನೀರಿಗೆ ಬಿಟ್ಟರೆ ಪುಣ್ಯ ಅಂತಾರೆ ನಮ್ಮಜ್ಜಿ.
– ಬೇಲೂರಿನ ಕಾಲೇಜು ವಿದ್ಯಾರ್ಥಿ

ಉತ್ತರ: ಅಜ್ಜಿಗೆ ನಾನು ಹೇಳಿದೆ ಅಂತ ಹೇಳಿ, ಬೇಡ. ಇದು ದಕ್ಷಿಣ ಅಮೆರಿಕದ ಮೀನು. ಮೈಯೆಲ್ಲ ಗಟ್ಟಿ ಚಿಪ್ಪು, ಮುಳ್ಳು. ನಮ್ಮ ನೀರಿಗೆ ಬಿದ್ದರೆ ದಡದ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ, ಊರ ಮೀನಿನ ಮೇವು ತಿನ್ನುತ್ತದೆ, ಮೀನುಗಾರರ ಬಲೆ ಹರಿಯುತ್ತದೆ. ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಈಗಾಗಲೇ ಇದರ ಕಾಟ ಇದೆ. ಗಲೀಜು ತಿನ್ನುತ್ತದೆ ಅಂತ ಮಾರುತ್ತಾರೆ. ತಿನ್ನುವುದು ಪಾಚಿ, ಅದೂ ಚಿಕ್ಕದಿದ್ದಾಗ. ಹಾಕುವ ಹಿಕ್ಕೆಯೇ ಜಾಸ್ತಿ.

ತಂದ ಅಂಗಡಿಯಲ್ಲೇ ಕೇಳಿ, ಕೆಲವರು ವಾಪಸ್ ತಗೊಳ್ಳುತ್ತಾರೆ. ಇಲ್ಲದಿದ್ದರೆ ನಾಲ್ಕೈದು ಅಡಿ ಟ್ಯಾಂಕ್ ಇರುವವರನ್ನು ಹುಡುಕಿ. ಅಲ್ಲಿಯವರೆಗೆ ರಾತ್ರಿ ಲೈಟ್ ಆರಿಸಿದ ಮೇಲೆ ಒಂದು ಬಿಲ್ಲೆ ಸೌತೆಕಾಯಿ ಹಾಕಿ. ತೇಲದ ಹಾಗೆ ಸ್ಟೀಲ್ ಚಮಚ ಚುಚ್ಚಿ ಬಿಡಿ, ಬೆಳಿಗ್ಗೆ ಸಿಪ್ಪೆ ತೆಗೆಯೋದು ಮರೆಯಬೇಡಿ.