ಜೋಸೆಫ್‌ನ ಮೇಜಿನ ಮೇಲೆ ಇಲಿಬೋನು ಯಾಕೆ?

ಮೆರೋಡ್ ಆಲ್ಟರ್‌ಪೀಸ್ ಅನ್ನೋ ಮೂರು ಫಲಕಗಳ ಹಳೆಯ ಕ್ರೈಸ್ತ ಚಿತ್ರದಲ್ಲಿ ಮೇರಿಯ ಗಂಡ, ಬಡಗಿ ಜೋಸೆಫ್ ಹತ್ತಿರ ಇಲಿಬೋನು ಯಾಕಿದೆ, ಇಲಿ ಅಂದ್ರೆ ಯಾವಾಗಲೂ ಸೈತಾನನೇನಾ ಅಂತ ಕೇಳಿದ್ದೀರಿ.

ಬಲಗಡೆಯ ಫಲಕವನ್ನು ಝೂಮ್ ಮಾಡಿ ನೋಡಿ. ಬೋನುಗಳು ಎರಡಿವೆ: ಒಂದು ಮೇಜಿನ ಮೇಲೆ, ಇನ್ನೊಂದು ಕಿಟಕಿಯಾಚೆಯ ಹಲಗೆ ಮೇಲೆ, ಮಾರಾಟಕ್ಕಿಟ್ಟ ಹಾಗೆ. ಜೋಸೆಫ್ ತೂತು ಕೊರೀತಿರೋ ಹಲಗೆಯೂ ಬೋನಿನ ಭಾಗವೇ ಅಂತ ಹಲವರು ಎಡವುತ್ತಾರೆ; ಅದು ಏನು ಅನ್ನೋದು ಇನ್ನೂ ಇತ್ಯರ್ಥವಾಗಿಲ್ಲ. 1945ರಲ್ಲಿ ಕಲಾ ಇತಿಹಾಸಕಾರ ಮೇಯರ್ ಶಪಿರೋ ಈ ಬೋನುಗಳಿಗೆ ಸಂತ ಅಗಸ್ಟೀನನ ಮಾತನ್ನು ಜೋಡಿಸಿದರು: ಶಿಲುಬೆಯೇ ಸೈತಾನನಿಗೆ ಒಡ್ಡಿದ ಇಲಿಬೋನು, ಕ್ರಿಸ್ತನ ಸಾವೇ ಅದರೊಳಗಿನ ತಿಂಡಿ. ಗಮನಿಸಿ, ಚಿತ್ರದಲ್ಲಿ ಇಲಿಯೇ ಇಲ್ಲ!

ಜರ್ಮನ್ ಕಲಾವಿದ ಡ್ಯೂರರ್‌ನ 1504ರ 'ಆಡಂ ಮತ್ತು ಈವ್' ಕೆತ್ತನೆಯಲ್ಲಿ ಇಲಿ ಇದೆ, ಆದರೆ ಅದು ಸೈತಾನನಲ್ಲ, ಬಲಿ. ಅವರಿಬ್ಬರ ಕಾಲ ಬುಡದಲ್ಲೇ ಬೆಕ್ಕು ಕೂತಿದೆ, ಇನ್ನೂ ಹಾರಿಲ್ಲ. ಹಣ್ಣು ಕಚ್ಚಿದ ಮೇಲೆ ಆ ಶಾಂತಿ ಉಳಿಯಲ್ಲ.

ಎಲ್ಲದಕ್ಕೂ ಧರ್ಮದ ಅರ್ಥ ಹುಡುಕಬೇಡಿ. ಚಿತ್ರಕಾರ ಹೋಲ್ಬೈನ್ ಬರೆದ ಒಂದು ಭಾವಚಿತ್ರದಲ್ಲಿ ಹೆಂಗಸಿನ ಕೈಯಲ್ಲಿ ಸರಪಳಿ ಕಟ್ಟಿದ ಅಳಿಲಿದೆ. ಆಕೆ ಇಂಗ್ಲೆಂಡಿನ ಲವೆಲ್ ಮನೆತನದವಳು ಇರಬಹುದು; ಆ ಮನೆತನದ ಲಾಂಛನದಲ್ಲೂ ಅಳಿಲುಗಳೇ. ಅದು ಬಹುಶಃ ಆಕೆಯ ಮನೆತನದ ಗುರುತು, ಅಷ್ಟೇ.