ಬಿಸಿಲಾರಾಧನೆ ತಪ್ಪೇ?

ಧಾರವಾಡದ ಓದುಗರೊಬ್ಬರು, ನಿವೃತ್ತ ಕನ್ನಡ ಮೇಷ್ಟ್ರು, ನಮ್ಮ ಕಳೆದ ಸಂಚಿಕೆಯ ಕವನವೊಂದರ ಮೇಲೆ ಗರಂ ಆಗಿದ್ದಾರೆ. ಅದರಲ್ಲಿ ‘ಬಿಸಿಲಾರಾಧನೆ’ ಅಂತ ಬಂದಿದೆ. ಬಿಸಿಲು ಕನ್ನಡ, ಆರಾಧನೆ ಸಂಸ್ಕೃತ. ಹೀಗೆ ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿ ಸಮಾಸ ಮಾಡುವುದನ್ನು ಅರಿಸಮಾಸ ಅನ್ನುತ್ತಾರೆ. ‘ಇದು ಅರಿಸಮಾಸ ಅಲ್ವಾ? ಸಂಪಾದಕರು ನೋಡಲಿಲ್ಲವೇ?’ ಎಂದು ಕೇಳಿದ್ದಾರೆ. ‘ಕಪ್ಪು ನಗು’ ಅನ್ನುವುದೂ ಅವರಿಗೆ ಹಿಡಿಸಿಲ್ಲ.

ಮೇಷ್ಟ್ರೇ, ನೋಡಿಯೇ ಹಾಕಿದ್ದೇವೆ. ನಿಮ್ಮ ಸಿಟ್ಟಿಗೆ ದೊಡ್ಡ ಇತಿಹಾಸವೇ ಇದೆ. ಮುಳುಗುಂದದ ಕವಿ ನಯಸೇನ 1112ರಲ್ಲೇ ಶುದ್ಧ ಕನ್ನಡಕ್ಕೆ ಸಂಸ್ಕೃತ ಬೆರೆಸುವುದೆಂದರೆ ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಅಂದಿದ್ದ. ತಮಾಷೆ ಏನೆಂದರೆ, ಆ ಪದ್ಯದಲ್ಲಿ ಅವನು ತುಪ್ಪ, ಎಣ್ಣೆ ಅನ್ನುವುದಿಲ್ಲ. ಘೃತ, ತೈಲ ಅನ್ನುತ್ತಾನೆ! ಮುಂದಿನ ಶತಮಾನದ ವ್ಯಾಕರಣಕಾರ ಕೇಶಿರಾಜ ಅರಿಸಮಾಸ ಕೂಡದು ಅಂದ. ಆದರೆ ಬಿರುದುಗಳಿಗೆ, ಹಳೆಯ ಕವಿಗಳ ಪ್ರಯೋಗಗಳಿಗೆ ವಿನಾಯಿತಿ ಕೊಟ್ಟ. ಅಂದರೆ ತಪ್ಪು ಸಾಕಷ್ಟು ಹಳೆಯದಾದರೆ ಮಾಫಿ.

ನಾನು ನೋಡುವುದು ಎರಡು ಪದ ಕೂಡುವ ಜಾಗವನ್ನು. ‘ಮಳೆಗಾಲ’ ತಗೊಳ್ಳಿ. ಕಾಲ ಸಂಸ್ಕೃತದ್ದು. ಆದರೂ ಮಳೆಯ ಪಕ್ಕ ಬಂದು ಕೂತ ಕೂಡಲೇ ಅದರ ‘ಕ’ ಹೋಗಿ ‘ಗ’ ಆಯಿತು. ಅಪ್ಪಟ ಕನ್ನಡದ ಆದೇಶಸಂಧಿ. ‘ಬಿಸಿಲಾರಾಧನೆ’ಯಲ್ಲೂ ಅಷ್ಟೇ: ಬಿಸಿಲು ತನ್ನ ಉಕಾರ ಬಿಟ್ಟುಕೊಟ್ಟು ಲೋಪಸಂಧಿ ಆಗಿದೆ, ನಾಲಿಗೆ ಎಲ್ಲೂ ಎಡವುವುದಿಲ್ಲ. ಅದೇ ಕವನದ ಮೊದಲ ಕರಡಿನಲ್ಲಿ ‘ಮುಖತಾವರೆ’ ಅಂತಿತ್ತು. ಅದು ಮಾತ್ರ ಕಿವಿಗೆ ಹೊಡೆಯಿತು. ಮುಖವೂ ಬಗ್ಗಿಲ್ಲ, ತಾವರೆಯೂ ಬಗ್ಗಿಲ್ಲ. ‘ಮೊಗದಾವರೆ’ ಅನ್ನುವ ಚೆಂದದ ಮಾತು ಇರುವಾಗ ಇದ್ಯಾಕೆ ಅಂತ ಕೇಳಿದೆವು. ಕವಿ ಒಪ್ಪಿ ತಿದ್ದಿದರು.

ಇನ್ನೊಂದು ಮಾತು. ‘ಜಿಲ್ಲಾಧಿಕಾರಿ’ಯಲ್ಲಿ ಜಿಲ್ಲೆ ಅರಬ್ಬಿಯಿಂದ ಬಂದದ್ದು, ಅಧಿಕಾರಿ ಸಂಸ್ಕೃತ, ನಡುವೆ ಸಂಸ್ಕೃತದ ಸವರ್ಣದೀರ್ಘಸಂಧಿ ಬೇರೆ. ಕಚೇರಿಯ ಬೋರ್ಡಿನ ಮೇಲೆ ಅದನ್ನು ಓದಿ ಯಾರೂ ಹುಬ್ಬೇರಿಸುವುದಿಲ್ಲ. ಕವಿಗೆ ಮಾತ್ರ ಯಾಕೆ ಜಾಸ್ತಿ ಕಟ್ಟುನಿಟ್ಟು?

‘ಕಪ್ಪು ನಗು’ವಿನ ವಿಷಯ ಬೇರೆ. ಅಲ್ಲಿ ವ್ಯಾಕರಣದ ಜಗಳವೇ ಇಲ್ಲ, ಎರಡೂ ಕನ್ನಡ. ಪ್ರಶ್ನೆ ಅರ್ಥದ್ದು. ದೂರದ ಎರಡನ್ನು ತಂದು ಕೂಡಿಸುವುದು ನಮ್ಮ ಜನಕ್ಕೆ ಹೊಸದೇನಲ್ಲ. ‘ಕೆಂಡಸಂಪಿಗೆ’ ಅಂದವರು ಬೆಂಕಿಯನ್ನೂ ಹೂವನ್ನೂ ಒಟ್ಟಿಗೆ ತಂದರು. ಹೂವಿನ ಬಣ್ಣ ನೋಡಿದರೆ ಯಾಕೆ ಅಂತ ತಕ್ಷಣ ತಿಳಿಯುತ್ತದೆ. ಈ ನಗು ಯಾಕೆ ಕಪ್ಪು ಅನ್ನುವುದಕ್ಕೆ ಕವನದಲ್ಲಿ ಒಂದು ಸುಳಿವೂ ಇಲ್ಲ. ಸುಮ್ನೆ ಬೆರಗು ಹುಟ್ಟಿಸಲು ಇಟ್ಟ ಹಾಗಿದೆ. ಇಲ್ಲಿ ನಾನು ನಿಮ್ಮ ಕಡೆ. ಕವಿಗೂ ಇದನ್ನೇ ಹೇಳಿದ್ದೆ, ಅವರು ಬಿಡಲು ಒಪ್ಪಲಿಲ್ಲ. ಕವನ ಅವರದು, ಹಾಗೇ ಅಚ್ಚು ಹಾಕಿದೆವು.

— ಸಂಪಾದಕ